ತಾಯಿ ರಕ್ತ, ಕೂಸಿನ ರಕ್ತ



ಕೆಲವು ಮನೆಗಳಲ್ಲಿ ಹೀಗಾಗುತ್ತದೆ. ಚೊಚ್ಚಲ ಹೆರಿಗೆ ಸುಸೂತ್ರ. ಕೂಸು ಗುಂಡುಗುಂಡಾಗಿ ಇರುತ್ತದೆ. ಎರಡು ಮೂರು ವರ್ಷ ಕಳೆದು ಮತ್ತೊಂದು ಕೂಸು ಹುಟ್ಟುತ್ತದೆ. ಹುಟ್ಟಿದ ದಿನವೇ ಅದರ ಕಣ್ಣು ಹಳದಿ, ಮೈ ಹಳದಿ. ಮೊಲೆ ಚೀಪುವುದಿಲ್ಲ. ಮಂಕಾಗಿ ಮಲಗಿರುತ್ತದೆ. ನಾಲ್ಕನೇ ದಿನಕ್ಕೆ ತೊಟ್ಟಿಲು ಬರಿದು. ಮೂರನೇ ಬಸಿರು ನಿಲ್ಲುತ್ತದೆ. ಆ ಕೂಸು ಹೊಟ್ಟೆಯಲ್ಲೇ ಹೋಗುತ್ತದೆ.

ಆಗ ಜನ ಏನಂತಾರೆ? "ದೃಷ್ಟಿ ತಾಗಿದೆ" ಅಂತಾರೆ. "ಬಾಲಗ್ರಹ" ಅಂತಾರೆ. "ಅವಳ ಹೊಟ್ಟೆಯೇ ಸರಿ ಇಲ್ಲ" ಅಂತಾರೆ. ಕೊನೆಗೆ "ಇವನಿಗೆ ಇನ್ನೊಂದು ಮದುವೆ ಮಾಡೋಣ" ಅನ್ನುವವರೂ ಇದ್ದಾರೆ.

ಇದು ದೃಷ್ಟಿಯಲ್ಲ. ಗ್ರಹವೂ ಅಲ್ಲ. ಹೆಂಗಸಿನ ತಪ್ಪಂತೂ ಅಲ್ಲವೇ ಅಲ್ಲ. ಇದು ತಾಯಿಯ ರಕ್ತ ಮತ್ತು ಕೂಸಿನ ರಕ್ತದ ಗುರುತು ಬೇರೆ ಬೇರೆ ಆದಾಗ ಬರುವ ಒಂದು ರೋಗ. ಇದಕ್ಕೆ ಕಾರಣ ಗೊತ್ತಿದೆ. ಚಿಕಿತ್ಸೆ ಇದೆ. ಎಲ್ಲಕ್ಕಿಂತ ಹೆಚ್ಚಾಗಿ, ಇದು ಬಾರದ ಹಾಗೆ ತಡೆಯುವ ಇಂಜೆಕ್ಷನ್ ಇದೆ.

ಅದನ್ನೇ ಈ ಪಾಠದಲ್ಲಿ ತಿಳಿಯೋಣ. ನಿಧಾನವಾಗಿ ಓದಿ. ಒಂದೇ ದಿನ ಮುಗಿಸಬೇಕಾಗಿಲ್ಲ.

ರಕ್ತಕ್ಕೂ ಗುರುತು ಇದೆ

ಎಲ್ಲರ ರಕ್ತವೂ ಕೆಂಪೇ. ಆದರೆ ಎಲ್ಲರ ರಕ್ತವೂ ಒಂದೇ ಅಲ್ಲ. ರಕ್ತದಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಕೆಂಪು ಕಣಗಳಿವೆ. ಆ ಕಣಗಳ ಮೇಲೆ ಗುರುತುಗಳಿರುತ್ತವೆ. ಕುರಿ ಮಂದೆ ನೋಡಿದ್ದೀರಲ್ಲ? ನಮ್ಮ ಕುರಿ ಯಾವುದು, ಪಕ್ಕದವರ ಕುರಿ ಯಾವುದು ಅಂತ ತಿಳಿಯಲು ಬಣ್ಣ ಹಚ್ಚುತ್ತೇವೆ. ಹಾಗೆಯೇ ಇದು.

ಈ ಗುರುತಿನ ಮೇಲೆ ರಕ್ತವನ್ನು ನಾಲ್ಕು ಗುಂಪು ಮಾಡಿದ್ದಾರೆ. ಎ, ಬಿ, ಎಬಿ ಮತ್ತು ಓ. ಕಾರ್ಲ್ ಲ್ಯಾಂಡ್‌ಸ್ಟೈನರ್ ಎಂಬ ವಿಜ್ಞಾನಿ 1901ರಲ್ಲಿ ಈ ಗುಂಪುಗಳ ವಿಷಯ ತಿಳಿಸಿದರು.

ಇದರ ಜೊತೆಗೆ ಇನ್ನೊಂದು ಗುರುತಿದೆ. ಅದರ ಹೆಸರು ಆರ್‌ಎಚ್. ಇದು 1940ರಲ್ಲಿ ಗೊತ್ತಾಯಿತು. ಈ ಗುರುತು ಇದ್ದರೆ "ಪಾಸಿಟಿವ್" ಅಂತಾರೆ. ಇಲ್ಲದಿದ್ದರೆ "ನೆಗೆಟಿವ್" ಅಂತಾರೆ. ನಮ್ಮ ದೇಶದಲ್ಲಿ 100 ಜನರಲ್ಲಿ ಸುಮಾರು 95 ಜನ ಪಾಸಿಟಿವ್. ಸುಮಾರು 5 ಜನ ಮಾತ್ರ ನೆಗೆಟಿವ್.

ನೆಗೆಟಿವ್ ಅಂದರೆ ರೋಗ ಅಲ್ಲ. ಕೆಟ್ಟ ರಕ್ತ ಅಲ್ಲ. ಕಡಿಮೆ ರಕ್ತವೂ ಅಲ್ಲ. ಕೆಲವರ ಕೂದಲು ಗುಂಗುರು, ಕೆಲವರದು ನೇರ. ಅಷ್ಟೇ ಸಹಜ ಇದು. ಆ ಹೆಂಗಸು ಎಲ್ಲರ ಹಾಗೆ ಗಟ್ಟಿಮುಟ್ಟಾಗಿ ದುಡಿಯುತ್ತಾಳೆ. ಬಸುರಿ ಆದಾಗ ಮಾತ್ರ ಸ್ವಲ್ಪ ಎಚ್ಚರ ಬೇಕು.

ನಿಮ್ಮ ಕಾರ್ಡು ನೀವೇ ಓದಿ

ಬಸುರಿ ಆದ ಕೂಡಲೇ ಆಸ್ಪತ್ರೆಯಲ್ಲಿ ಹೆಸರು ಬರೆಸುತ್ತೀರಿ. ತಾಯಿ ಕಾರ್ಡು ಕೊಡುತ್ತಾರೆ. ರಕ್ತ ಪರೀಕ್ಷೆ ಮಾಡಿ ರಕ್ತದ ಗುಂಪನ್ನು ಅದರಲ್ಲಿ ಬರೆಯುತ್ತಾರೆ. ಮುಂಚೆ ಆ ಕಾರ್ಡನ್ನು ಟ್ರಂಕಿನಲ್ಲಿ ಇಟ್ಟು ಬಿಡುತ್ತಿದ್ದೆವು. ಈಗ ನಿಮಗೆ ಓದು ಬರುತ್ತದೆ. ಕಾರ್ಡು ತೆಗೆಯಿರಿ.

ರಕ್ತದ ಗುಂಪನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದಿರುತ್ತಾರೆ. ಹೆದರಬೇಡಿ. ಮೂರೇ ಅಕ್ಷರ. ಮನೆಯ ಮಾಡಿನ ಹಾಗೆ ಮೇಲೆ ಚೂಪಾಗಿ, ನಡುವೆ ಒಂದು ಅಡ್ಡಗೆರೆ ಇದ್ದರೆ ಅದು "ಎ". ನೆಟ್ಟಗಿನ ಗೆರೆಗೆ ಎರಡು ಹೊಟ್ಟೆ ಅಂಟಿದ್ದರೆ ಅದು "ಬಿ". ಬಳೆಯ ಹಾಗೆ ದುಂಡಗಿದ್ದರೆ ಅದು "ಓ".

ಆ ಅಕ್ಷರದ ಪಕ್ಕ ನೋಡಿ. ನಾವು ಲೆಕ್ಕದಲ್ಲಿ ಕಲಿತ ಗುರುತು ಇರುತ್ತದೆ. ಕೂಡುವ ಗುರುತು (+) ಇದ್ದರೆ ಪಾಸಿಟಿವ್. ಕಳೆಯುವ ಗುರುತು (−) ಇದ್ದರೆ ನೆಗೆಟಿವ್. ಆ ಒಂದು ಸಣ್ಣ ಗೆರೆಯನ್ನು ಓದಲು ಬಂದರೆ ಒಂದು ಕೂಸಿನ ಜೀವ ಉಳಿಯಬಹುದು.

ಕಾರ್ಡಿನಲ್ಲಿ ಆ ಜಾಗ ಖಾಲಿ ಇದೆಯಾ? ಹಾಗಾದರೆ ಕೇಳಿ. "ನನ್ನ ರಕ್ತದ ಗುಂಪು ಬರೆದಿಲ್ಲ, ಪರೀಕ್ಷೆ ಮಾಡಿ" ಅಂತ ಕೇಳುವುದು ನಿಮ್ಮ ಹಕ್ಕು.

ಯಾರಿಗೆ ಎಚ್ಚರ ಬೇಕು?

ಹೆಂಡತಿ ಪಾಸಿಟಿವ್ ಆಗಿದ್ದರೆ ಈ ಆರ್‌ಎಚ್ ತೊಂದರೆಯ ಭಯ ಇಲ್ಲ. ಗಂಡ ಯಾವುದೇ ಆಗಿರಲಿ.

ಗಂಡ ಹೆಂಡತಿ ಇಬ್ಬರೂ ನೆಗೆಟಿವ್ ಆಗಿದ್ದರೆ ಕೂಸೂ ನೆಗೆಟಿವ್. ಆಗಲೂ ಭಯ ಇಲ್ಲ.

ಹೆಂಡತಿ ನೆಗೆಟಿವ್, ಗಂಡ ಪಾಸಿಟಿವ್ ಆಗಿದ್ದರೆ ಎಚ್ಚರ ಬೇಕು. ಯಾಕೆಂದರೆ ಕೂಸು ಅಪ್ಪನ ಗುರುತು ಪಡೆದು ಪಾಸಿಟಿವ್ ಆಗಿ ಹುಟ್ಟಬಹುದು. ಅಮ್ಮನ ಹಾಗೆ ನೆಗೆಟಿವ್ ಆಗಿಯೂ ಹುಟ್ಟಬಹುದು. ಪಾಸಿಟಿವ್ ಕೂಸಿಗೆ ಮಾತ್ರ ತೊಂದರೆ ಆಗಬಹುದು.

ಇಲ್ಲಿ ಎರಡು ಸುಳ್ಳು ಮಾತು ಹೇಳಬೇಕು. "ಗಂಡ ಹೆಂಡತಿ ಇಬ್ಬರದೂ ಒಂದೇ ಗುಂಪಾದರೆ ಮಕ್ಕಳು ಉಳಿಯಲ್ಲ" ಅಂತಾರೆ. ಅದು ಸುಳ್ಳು. "ಸೋದರಮಾವನನ್ನು ಮದುವೆಯಾದ್ದರಿಂದ ಕೂಸಿಗೆ ಈ ಕಾಮಾಲೆ ಬಂತು" ಅಂತಾರೆ. ಅದೂ ಸುಳ್ಳು. ಹತ್ತಿರದ ಸಂಬಂಧದ ಮದುವೆಯಿಂದ ಬೇರೆ ಕೆಲವು ರೋಗ ಬರಬಹುದು. ಈ ರೋಗಕ್ಕೆ ಅದು ಕಾರಣ ಅಲ್ಲ.

ತೊಂದರೆ ಯಾಕೆ ಆಗುತ್ತೆ?

ಊರಿಗೆ ಒಬ್ಬ ತಳವಾರ ಇದ್ದ ಹಾಗೆ ನಮ್ಮ ಮೈಗೂ ಕಾವಲಿದೆ. ಹೊರಗಿನಿಂದ ಬಂದದ್ದನ್ನು ಗುರುತಿಸಿ ಓಡಿಸುವುದು ಅದರ ಕೆಲಸ. ರೋಗದ ಕ್ರಿಮಿ ಬಂದರೆ ಹೊಡೆಯುತ್ತದೆ. ಇದರಿಂದಲೇ ನಾವು ಬದುಕಿರೋದು.

ತಾಯಿಯ ರಕ್ತ ಮತ್ತು ಹೊಟ್ಟೆಯ ಕೂಸಿನ ರಕ್ತ ಸಾಮಾನ್ಯವಾಗಿ ಒಂದಕ್ಕೊಂದು ಬೆರೆಯುವುದಿಲ್ಲ. ನಡುವೆ ಮಾಸು ಇದೆ. ಅದು ಬೇಲಿಯ ಹಾಗೆ. ಊಟ, ಗಾಳಿ ದಾಟಿಸುತ್ತದೆ. ರಕ್ತವನ್ನು ದಾಟಿಸುವುದಿಲ್ಲ. ಆದರೆ ಹೆರಿಗೆ ಹೊತ್ತಿನಲ್ಲಿ ಮಾಸು ಬಿಡುವಾಗ ಕೂಸಿನ ಸ್ವಲ್ಪ ರಕ್ತ ತಾಯಿಯ ಮೈಗೆ ಸೇರುತ್ತದೆ. ಕೂಸು ಪಾಸಿಟಿವ್, ತಾಯಿ ನೆಗೆಟಿವ್ ಆಗಿದ್ದರೆ ತಾಯಿಯ ಮೈಯ ತಳವಾರನಿಗೆ ಹೊಸ ಗುರುತು ಕಾಣುತ್ತದೆ. "ಇದ್ಯಾರೋ ಹೊರಗಿನವರು" ಅಂದುಕೊಳ್ಳುತ್ತಾನೆ. ಮುಖ ನೆನಪಿಟ್ಟುಕೊಳ್ಳುತ್ತಾನೆ. ಹೊಡೆಯಲು ಆಯುಧ ತಯಾರು ಮಾಡಿಕೊಳ್ಳುತ್ತಾನೆ.

ಆ ಹೊತ್ತಿಗೆ ಮೊದಲ ಕೂಸು ಹೊರಗೆ ಬಂದಾಗಿರುತ್ತದೆ. ಆದ್ದರಿಂದ ಅದಕ್ಕೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ.

ಮುಂದಿನ ಕೂಸೂ ಪಾಸಿಟಿವ್ ಆದರೆ? ತಳವಾರನಿಗೆ ನೆನಪಿದೆ. ಆಯುಧ ತಯಾರಿದೆ. ರಕ್ತ ದಾಟದ ಬೇಲಿಯನ್ನು ಈ ಆಯುಧ ಮಾತ್ರ ದಾಟುತ್ತದೆ. ಕೂಸಿನ ಕೆಂಪು ಕಣಗಳನ್ನು ಒಡೆಯುತ್ತದೆ. ಪ್ರತಿ ಬಸಿರಿಗೂ ಸಾಮಾನ್ಯವಾಗಿ ಇದರ ಜೋರು ಹೆಚ್ಚುತ್ತಾ ಹೋಗುತ್ತದೆ.

ಬರೀ ಹೆರಿಗೆಯಲ್ಲಿ ಮಾತ್ರ ರಕ್ತ ಬೆರೆಯುತ್ತದೆ ಅಂತ ತಿಳಿಯಬೇಡಿ. ಬಸಿರು ಇಳಿದಾಗ, ಗರ್ಭಪಾತ ಮಾಡಿಸಿದಾಗ, ಗರ್ಭಕೋಶದ ಹೊರಗೆ ನಾಳದಲ್ಲಿ ಬಸಿರು ನಿಂತಾಗ, ಬಸುರಿಗೆ ರಕ್ತಸ್ರಾವ ಆದಾಗ, ಹೊಟ್ಟೆಗೆ ಪೆಟ್ಟು ಬಿದ್ದಾಗಲೂ ಬೆರೆಯಬಹುದು. ಮುಂಚೆ ಹೀಗೆ ಆಗಿದ್ದರೆ ಮೊದಲ ಕೂಸಿಗೂ ತೊಂದರೆ ಬರಬಹುದು. ಬಸಿರು ಇಳಿದದ್ದನ್ನು ನಾಚಿಕೆಯಿಂದ ಮುಚ್ಚಿಡಬೇಡಿ. ಡಾಕ್ಟರಿಗೆ ಹೇಳಿ.

ಕಣ ಒಡೆದರೆ ಏನಾಗುತ್ತೆ?

ಎರಡು ಕೇಡು ಆಗುತ್ತದೆ.

ಒಂದು, ಕೂಸಿಗೆ ರಕ್ತ ಕಡಿಮೆ ಆಗುತ್ತದೆ. ಮೈ ಬಿಳಿಚಿಕೊಳ್ಳುತ್ತದೆ. ತುಂಬಾ ಕಡಿಮೆ ಆದರೆ ಹೊಟ್ಟೆಯಲ್ಲಿರುವಾಗಲೇ ಕೂಸಿನ ಹೃದಯ ಸೋಲುತ್ತದೆ. ಮೈ ತುಂಬಾ ನೀರು ತುಂಬಿಕೊಂಡು ಊದಿಕೊಳ್ಳುತ್ತದೆ.

ಎರಡು, ಒಡೆದ ಕಣದಿಂದ ಹಳದಿ ಪದಾರ್ಥ ಹೊರಬರುತ್ತದೆ. ಅದರ ಹೆಸರು ಬಿಲಿರುಬಿನ್. ಹೊಟ್ಟೆಯಲ್ಲಿರುವ ತನಕ ಅದನ್ನು ತಾಯಿಯ ಮೈ ತೆಗೆದು ಹಾಕುತ್ತದೆ. ಹುಟ್ಟಿದ ಮೇಲೆ ಕೂಸಿನ ಯಕೃತ್ತೇ ಆ ಕೆಲಸ ಮಾಡಬೇಕು. ಎಳೆ ಕೂಸಿನ ಯಕೃತ್ತಿಗೆ ಅಷ್ಟು ಶಕ್ತಿ ಇರುವುದಿಲ್ಲ. ಹಳದಿ ಏರುತ್ತಾ ಹೋಗುತ್ತದೆ. ಮಿತಿ ಮೀರಿದರೆ ಮೆದುಳಿಗೆ ಇಳಿಯುತ್ತದೆ. ಆಗ ಕೂಸು ಸಾಯಬಹುದು. ಉಳಿದರೂ ಕಿವಿ ಕೇಳದೆ ಹೋಗಬಹುದು. ಕೈಕಾಲು ಹಿಡಿತಕ್ಕೆ ಸಿಗದೆ ಹೋಗಬಹುದು. ಒಮ್ಮೆ ಮೆದುಳು ಕೆಟ್ಟರೆ ಮತ್ತೆ ಸರಿಯಾಗುವುದಿಲ್ಲ. ಅದಕ್ಕೇ ಇಲ್ಲಿ ಗಂಟೆ ಗಂಟೆಗೂ ಬೆಲೆ ಇದೆ.

ಎಲ್ಲಾ ಕಾಮಾಲೆಯೂ ಇದೇ ಅಲ್ಲ

"ನನ್ನ ಮಗುವಿಗೂ ಕಾಮಾಲೆ ಬಂದಿತ್ತು, ತಾನಾಗೇ ಹೋಯ್ತು" ಅಂತ ನಿಮ್ಮಲ್ಲಿ ಕೆಲವರು ಹೇಳಬಹುದು. ನಿಜ. ದಿನ ತುಂಬಿ ಹುಟ್ಟಿದ 100 ಕೂಸುಗಳಲ್ಲಿ ಸುಮಾರು 60 ಕೂಸುಗಳಿಗೆ ಸ್ವಲ್ಪ ಹಳದಿ ಕಾಣುತ್ತದೆ. ಅದು ಎರಡನೇ ಅಥವಾ ಮೂರನೇ ದಿನ ಶುರುವಾಗಿ, ಒಂದೆರಡು ವಾರದಲ್ಲಿ ಹೋಗುತ್ತದೆ. ಕೂಸು ಚೆನ್ನಾಗಿ ಹಾಲು ಕುಡಿಯುತ್ತಾ ಚುರುಕಾಗಿ ಇರುತ್ತದೆ.

ಆದರೆ ಹುಟ್ಟಿದ 24 ಗಂಟೆಯೊಳಗೆ ಹಳದಿ ಕಂಡರೆ ಅದು ಸಾಮಾನ್ಯ ಕಾಮಾಲೆ ಅಲ್ಲ. ಅದು ಅಪಾಯದ ಗುರುತು. ಕೂಡಲೇ ಆಸ್ಪತ್ರೆಗೆ ಓಡಬೇಕು.

ಹಳದಿ ನೋಡುವುದು ಹೇಗೆ? ಕತ್ತಲೆ ಕೋಣೆಯಲ್ಲಿ, ದೀಪದ ಬೆಳಕಿನಲ್ಲಿ ಗೊತ್ತಾಗುವುದಿಲ್ಲ. ಹಗಲು ಬೆಳಕಿಗೆ ಕೂಸನ್ನು ತನ್ನಿ. ಹಣೆ ಅಥವಾ ಎದೆಯನ್ನು ಬೆರಳಿನಿಂದ ಮೆಲ್ಲಗೆ ಒತ್ತಿ ಬಿಡಿ. ಒತ್ತಿದ ಜಾಗ ಹಳದಿ ಕಂಡರೆ ಕಾಮಾಲೆ ಇದೆ. ಕಪ್ಪು ಮೈಯ ಕೂಸಾದರೆ ಕಣ್ಣಿನ ಬಿಳಿ, ವಸಡು ನೋಡಿ. ಅಂಗೈ ಅಂಗಾಲಿಗೆ ಹಳದಿ ಬಂದಿದ್ದರೆ ಜೋರಾಗಿದೆ ಅಂತ ಅರ್ಥ.

ಬಾಣಂತಿ ಕೋಣೆಗೆ ಬೆಳಕೇ ಬಿಡದ ಪದ್ಧತಿ ನಮ್ಮಲ್ಲಿದೆ. ಕಿಟಕಿ ಮುಚ್ಚಿದ ಕೋಣೆಯಲ್ಲಿ ಕೂಸು ಹಳದಿ ಆದದ್ದು ಯಾರಿಗೂ ಕಾಣುವುದಿಲ್ಲ. ಕಿಟಕಿ ತೆಗೆಯಿರಿ.

ಇನ್ನೊಂದು ಮಾತು. ತಾಯಿಯದು "ಓ" ಗುಂಪು, ಕೂಸಿನದು "ಎ" ಅಥವಾ "ಬಿ" ಆದಾಗಲೂ ಸ್ವಲ್ಪ ಇಂಥದೇ ಕಾಮಾಲೆ ಬರಬಹುದು. ಇದು ಚೊಚ್ಚಲ ಕೂಸಿಗೂ ಬರಬಹುದು. ಸಾಮಾನ್ಯವಾಗಿ ಇದರ ಜೋರು ಕಡಿಮೆ. ನೀಲಿ ದೀಪದ ಚಿಕಿತ್ಸೆಯೇ ಹೆಚ್ಚಾಗಿ ಸಾಕಾಗುತ್ತದೆ. ಆದರೂ ತೋರಿಸಲೇಬೇಕು.

ತಡೆಯುವ ಇಂಜೆಕ್ಷನ್

ತಳವಾರ ಹೊಸಬರ ಮುಖ ನೋಡುವ ಮುಂಚೆಯೇ ಅವರನ್ನು ಮೆಲ್ಲಗೆ ಸಾಗಹಾಕಿಬಿಟ್ಟರೆ? ಆಗ ಅವನಿಗೆ ನೆನಪೂ ಇಲ್ಲ, ಆಯುಧವೂ ಇಲ್ಲ. ಈ ಕೆಲಸ ಮಾಡುವ ಇಂಜೆಕ್ಷನ್ನಿನ ಹೆಸರು "ಆಂಟಿ-ಡಿ". ಈ ಹೆಸರನ್ನು ಎರಡು ಸಲ ಬರೆದು ಕಲಿಯಿರಿ. ಇದು 1968ರಿಂದ ಬಳಕೆಯಲ್ಲಿದೆ.

ನೆಗೆಟಿವ್ ತಾಯಿಗೆ ಇದನ್ನು ಯಾವಾಗ ಕೊಡುತ್ತಾರೆ?

ಏಳು ತಿಂಗಳ ಹೊತ್ತಿಗೆ, ಅಂದರೆ ಸುಮಾರು 28 ವಾರಕ್ಕೆ ಒಂದು ಸಲ.

ಹೆರಿಗೆಯಾದ ಮೇಲೆ, ಕೂಸು ಪಾಸಿಟಿವ್ ಅಂತ ಗೊತ್ತಾದರೆ 72 ಗಂಟೆಯೊಳಗೆ ಒಂದು ಸಲ. 72 ಗಂಟೆ ಅಂದರೆ ಮೂರು ದಿನ. ಹೊಕ್ಕಳು ಬಳ್ಳಿಯ ರಕ್ತ ತೆಗೆದು ಕೂಸಿನ ಗುಂಪು ನೋಡುತ್ತಾರೆ. ಕೂಸು ನೆಗೆಟಿವ್ ಆದರೆ ಈ ಇಂಜೆಕ್ಷನ್ ಬೇಡ.

ಬಸಿರು ಇಳಿದಾಗ, ರಕ್ತಸ್ರಾವ ಆದಾಗ, ಹೊಟ್ಟೆಗೆ ಪೆಟ್ಟು ಬಿದ್ದಾಗ ಡಾಕ್ಟರ ಹತ್ತಿರ ಹೋಗಿ "ನಾನು ನೆಗೆಟಿವ್, ಆಂಟಿ-ಡಿ ಬೇಕಾ?" ಅಂತ ಕೇಳಬೇಕು.

ಮೂರು ದಿನ ದಾಟಿದರೆ "ಆಗಿದ್ದು ಆಯ್ತು" ಅಂತ ಕೈಬಿಡಬೇಡಿ. 10 ದಿನದವರೆಗೂ ಸ್ವಲ್ಪ ಉಪಯೋಗ ಆಗಬಹುದು. ಹೋಗಿ ಕೇಳಿ.

ಇದರಿಂದ ಎಷ್ಟು ಲಾಭ? ಇಂಜೆಕ್ಷನ್ ಇಲ್ಲದಿದ್ದರೆ, ಪಾಸಿಟಿವ್ ಕೂಸು ಹೆತ್ತ 100 ನೆಗೆಟಿವ್ ತಾಯಂದಿರಲ್ಲಿ ಸುಮಾರು 16 ಜನರ ಮೈಯಲ್ಲಿ ಆ ಆಯುಧ ತಯಾರಾಗುತ್ತದೆ. ಹೆರಿಗೆ ಆದ ಮೇಲೆ ಇಂಜೆಕ್ಷನ್ ಕೊಟ್ಟರೆ ಇದು 2ಕ್ಕೂ ಕಡಿಮೆ ಆಗುತ್ತದೆ. ಏಳನೇ ತಿಂಗಳಲ್ಲೂ ಕೊಟ್ಟರೆ ಇನ್ನೂ ಕಡಿಮೆ.

ಒಂದು ಸಲ ಆಯುಧ ತಯಾರಾಗಿಬಿಟ್ಟರೆ ಈ ಇಂಜೆಕ್ಷನ್ ಕೆಲಸಕ್ಕೆ ಬರುವುದಿಲ್ಲ. ಅದಕ್ಕೇ ಮೊದಲ ಬಸಿರಿನಿಂದಲೇ ಎಚ್ಚರ ಬೇಕು. ಪ್ರತಿ ಬಸಿರಿಗೂ ಹಾಕಿಸಬೇಕು. "ಹೋದ ಸಲ ಹಾಕಿಸಿದ್ದೆ, ಈ ಸಲ ಬೇಡ" ಅನ್ನುವಂತಿಲ್ಲ.

ಹೊರಗಿನ ಅಂಗಡಿಯಲ್ಲಿ ಇದು ದುಬಾರಿ. ಆದ್ದರಿಂದ ಏಳನೇ ತಿಂಗಳಲ್ಲೇ ಸರಕಾರಿ ಆಸ್ಪತ್ರೆಯಲ್ಲಿ ಕೇಳಿ ಇಡಿ. ಹೆರಿಗೆ ದಿನ ಹುಡುಕಾಡಬೇಡಿ. ಹೊರಗೆ ಕೊಂಡು ತರಬೇಕಾದರೆ ತಂಪಾಗಿ ತರಬೇಕು. ಅದು ಫ್ರಿಜ್ಜಿನಲ್ಲಿ ಇಡುವ ಔಷಧಿ. ಗೂಡಿನಲ್ಲಿ ಇಟ್ಟರೆ ಕೆಡುತ್ತದೆ.

ತೋಳು ಕೊಟ್ಟ ಪುಣ್ಯಾತ್ಮ

ಆಂಟಿ-ಡಿ ಔಷಧಿಯನ್ನು ಬಹುಕಾಲದಿಂದ ಮನುಷ್ಯರ ರಕ್ತದಿಂದಲೇ ತಯಾರಿಸುತ್ತಾ ಬಂದಿದ್ದಾರೆ. ಆಸ್ಟ್ರೇಲಿಯಾ ದೇಶದಲ್ಲಿ ಜೇಮ್ಸ್ ಹ್ಯಾರಿಸನ್ ಎಂಬವರಿದ್ದರು. ಅವರಿಗೆ 14 ವರ್ಷ ಇದ್ದಾಗ ಎದೆಯ ದೊಡ್ಡ ಆಪರೇಷನ್ ಆಯಿತು. ಯಾರು ಯಾರೋ ಕೊಟ್ಟ ರಕ್ತದಿಂದ ಬದುಕಿಕೊಂಡರು. "ನಾನೂ ರಕ್ತ ಕೊಡುತ್ತೇನೆ" ಅಂತ ನಿಶ್ಚಯ ಮಾಡಿದರು. ಆದರೆ ಅವರಿಗೆ ಸೂಜಿ ಕಂಡರೆ ಭಯ! ಆದರೂ 1954ರಲ್ಲಿ ಕೊಡಲು ಶುರು ಮಾಡಿದರು. ಸೂಜಿ ಚುಚ್ಚುವಾಗ ಮುಖ ಆಚೆ ತಿರುಗಿಸುತ್ತಿದ್ದರು.

ಅವರ ರಕ್ತದಲ್ಲಿ ಆಂಟಿ-ಡಿ ಹೇರಳವಾಗಿತ್ತು. 2018ರವರೆಗೆ ಅವರು 1,173 ಸಲ ಕೊಟ್ಟರು. ಅವರಿಂದ ಸುಮಾರು 24 ಲಕ್ಷ ಕೂಸುಗಳಿಗೆ ರಕ್ಷಣೆ ಸಿಕ್ಕಿತು ಎಂದು ಆ ದೇಶದ ರಕ್ತ ಸಂಸ್ಥೆಯ ಅಂದಾಜು. 2025ರಲ್ಲಿ, 88ನೇ ವಯಸ್ಸಿನಲ್ಲಿ ಅವರು ತೀರಿಕೊಂಡರು.

ನಮ್ಮ ಗಂಡಸರಲ್ಲಿ ಕೆಲವರು "ರಕ್ತ ಕೊಟ್ಟರೆ ಶಕ್ತಿ ಹೋಗುತ್ತೆ" ಅಂತಾರೆ. ಅವರಿಗೆ ಈ ಕಥೆ ಓದಿ ಹೇಳಿ.

ಹೊಟ್ಟೆಯಲ್ಲಿರುವಾಗಲೇ ಚಿಕಿತ್ಸೆ

ತಾಯಿಯ ಮೈಯಲ್ಲಿ ಆಯುಧ ತಯಾರಾಗಿದೆಯೇ? ಇದನ್ನು ತಿಳಿಯಲು ತಾಯಿಯ ರಕ್ತಕ್ಕೆ ಒಂದು ಪರೀಕ್ಷೆ ಇದೆ. ಅದರ ಹೆಸರು ಕೂಂಬ್ಸ್ ಪರೀಕ್ಷೆ. ನೆಗೆಟಿವ್ ಬಸುರಿಗೆ ಇದನ್ನು ಮಾಡುತ್ತಾರೆ.

ಆಯುಧ ಇದೆ ಅಂತ ಬಂದರೆ ಧೈರ್ಯ ಬಿಡಬೇಡಿ. ಆದರೆ ಸಣ್ಣ ಆಸ್ಪತ್ರೆಯಲ್ಲಿ ಕಾಲ ಕಳೆಯಬೇಡಿ. ದೊಡ್ಡ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಮತ್ತೆ ಮತ್ತೆ ಸ್ಕ್ಯಾನಿಂಗ್ ಮಾಡುತ್ತಾರೆ. ಕೂಸಿನ ತಲೆಯ ರಕ್ತನಾಳದಲ್ಲಿ ರಕ್ತ ಎಷ್ಟು ಜೋರಾಗಿ ಹರಿಯುತ್ತಿದೆ ಅಂತ ನೋಡುತ್ತಾರೆ. ರಕ್ತ ಕಡಿಮೆ ಆದ ಕೂಸಿನಲ್ಲಿ ಅದು ಜೋರಾಗಿ ಹರಿಯುತ್ತದೆ. ನೀರು ಬೆರೆತ ಹಾಲು ಸರಸರ ಹರಿದ ಹಾಗೆ.

ರಕ್ತ ತುಂಬಾ ಕಡಿಮೆ ಇದ್ದರೆ, ಹೊಟ್ಟೆಯೊಳಗಿರುವ ಕೂಸಿಗೇ ರಕ್ತ ಕೊಡುತ್ತಾರೆ! ಸ್ಕ್ಯಾನಿಂಗಿನಲ್ಲಿ ನೋಡಿಕೊಂಡು ತಾಯಿಯ ಹೊಟ್ಟೆಯ ಮೂಲಕ ತೆಳ್ಳನೆ ಸೂಜಿಯನ್ನು ಹೊಕ್ಕಳು ಬಳ್ಳಿಯ ನಾಳಕ್ಕೆ ಸೇರಿಸುತ್ತಾರೆ. ಹೊಟ್ಟೆಯಲ್ಲಿರುವ ಕೂಸಿಗೆ ರಕ್ತ ಕೊಡುವುದನ್ನು ಮೊಟ್ಟಮೊದಲು ಮಾಡಿ ತೋರಿಸಿದವರು ನ್ಯೂಜಿಲೆಂಡ್ ದೇಶದ ಡಾಕ್ಟರ್ ವಿಲಿಯಂ ಲಿಲೆ. ಅದು 1963ರಲ್ಲಿ. ಈಗ ಅನುಭವ ಇರುವ ದೊಡ್ಡ ಆಸ್ಪತ್ರೆಗಳಲ್ಲಿ ಹೀಗೆ ರಕ್ತ ಪಡೆದ 100 ಕೂಸುಗಳಲ್ಲಿ 90ಕ್ಕೂ ಹೆಚ್ಚು ಉಳಿಯುತ್ತವೆ. ಕೆಲವು ಸಲ ದಿನ ತುಂಬುವ ಮುಂಚೆಯೇ ಹೆರಿಗೆ ಮಾಡಿಸುತ್ತಾರೆ.

ಇಂಥ ತಾಯಿಗೆ ಮನೆ ಹೆರಿಗೆ ಬೇಡವೇ ಬೇಡ. ಸೂಲಗಿತ್ತಿ ಎಷ್ಟೇ ಜಾಣೆ ಆದರೂ, ಈ ರೋಗ ಅವಳ ಕೈಮೀರಿದ್ದು.

ಹುಟ್ಟಿದ ಮೇಲಿನ ಚಿಕಿತ್ಸೆ

ಕೂಸು ಹುಟ್ಟಿದ ಕೂಡಲೇ ಅದರ ರಕ್ತ ಪರೀಕ್ಷೆ ಮಾಡುತ್ತಾರೆ. ಹಳದಿ ಎಷ್ಟಿದೆ, ರಕ್ತ ಎಷ್ಟಿದೆ ಅಂತ ಕೆಲವು ಗಂಟೆಗೊಮ್ಮೆ ನೋಡುತ್ತಾರೆ. "ಪಾಪ, ಎಷ್ಟು ಸಲ ಚುಚ್ಚುತ್ತಾರೆ" ಅಂತ ಅಡ್ಡಿ ಮಾಡಬೇಡಿ. ಹಳದಿ ಎಷ್ಟು ಬೇಗ ಏರುತ್ತಿದೆ ಅಂತ ತಿಳಿದರೇ ಚಿಕಿತ್ಸೆ ಸಾಧ್ಯ.

ನೀಲಿ ದೀಪ: ಕೂಸಿನ ಬಟ್ಟೆ ತೆಗೆದು, ಕಣ್ಣಿಗೆ ಪಟ್ಟಿ ಕಟ್ಟಿ, ನೀಲಿ ಬೆಳಕಿನ ಕೆಳಗೆ ಮಲಗಿಸುತ್ತಾರೆ. ಆ ಬೆಳಕು ಮೈಯ ಹಳದಿಯನ್ನು ಬದಲಾಯಿಸುತ್ತದೆ. ಆಗ ಅದು ಮಲ ಮೂತ್ರದಲ್ಲಿ ಹೊರಗೆ ಹೋಗುತ್ತದೆ. ದೀಪದಿಂದ ಕೂಸಿಗೆ ನೋವಿಲ್ಲ. ಸುಡುವುದೂ ಇಲ್ಲ. ಮಲ ತೆಳ್ಳಗಾಗಬಹುದು. ಅದಕ್ಕೆ ಹೆದರಬೇಡಿ. ಎದೆಹಾಲು ಮಾತ್ರ ತಪ್ಪಿಸಬೇಡಿ. ದಿನಕ್ಕೆ 8ರಿಂದ 12 ಸಲ ಕುಡಿಸಿ. ಕುಡಿಸಿದ ಮೇಲೆ ಮತ್ತೆ ದೀಪದ ಕೆಳಗೆ ಮಲಗಿಸಿ.

ಈ ದೀಪದ ಹಿಂದೆ ಒಬ್ಬ ನರ್ಸಮ್ಮ ಇದ್ದಾರೆ. ಅವರ ಹೆಸರು ಜೀನ್ ವಾರ್ಡ್. ಇಂಗ್ಲೆಂಡಿನ ಎಸೆಕ್ಸ್ ಸೀಮೆಯ ಆಸ್ಪತ್ರೆಯಲ್ಲಿ ದಿನ ತುಂಬದ ಕೂಸುಗಳನ್ನು ನೋಡಿಕೊಳ್ಳುತ್ತಿದ್ದರು. ಕೂಸುಗಳನ್ನು ಅಂಗಳಕ್ಕೆ ತಂದು ಬಿಸಿಲು ತೋರಿಸುತ್ತಿದ್ದರು. 1956ರಲ್ಲಿ ಒಂದು ದಿನ ಡಾಕ್ಟರಿಗೆ ಒಂದು ಕೂಸನ್ನು ತೋರಿಸಿದರು. ಬಿಸಿಲು ಬಿದ್ದ ಕಡೆ ಹಳದಿ ಕಡಿಮೆ. ಬಟ್ಟೆ ಮುಚ್ಚಿದ್ದ ಕಡೆ ಮಾತ್ರ ಹಳದಿ ಹಾಗೇ ಇತ್ತು. ಅದರಿಂದ ಹೊಳೆದು ಡಾಕ್ಟರುಗಳು ಈ ದೀಪ ಮಾಡಿದರು. 1958ರಲ್ಲಿ ಲೋಕಕ್ಕೆ ತಿಳಿಸಿದರು. ನೋಡಿ, ಒಬ್ಬ ಹೆಂಗಸು ಕಣ್ಣುಬಿಟ್ಟು ನೋಡಿದ್ದರಿಂದ ಇಂದು ಲೋಕದ ತುಂಬಾ ಕೂಸುಗಳು ಉಳಿಯುತ್ತಿವೆ.

"ಹಾಗಾದರೆ ಮನೆಯಲ್ಲೇ ಬಿಸಿಲಿಗೆ ಹಿಡಿದರೆ ಸಾಕಲ್ಲ?" ಅಂತ ಕೇಳಬೇಡಿ. ಸಾಲದು. ಬೇಕಾದಷ್ಟು ಹೊತ್ತು ಬಿಸಿಲಲ್ಲಿ ಬರಿಮೈಯಲ್ಲಿ ಇಟ್ಟರೆ ಎಳೆ ಚರ್ಮ ಸುಡುತ್ತದೆ. ನೀರಿನಂಶ ಒಣಗುತ್ತದೆ. ಈ ರೋಗದಲ್ಲಿ ಹಳದಿ ರಾತ್ರಿಯೂ ಏರುತ್ತದೆ. ರಾತ್ರಿ ಬಿಸಿಲೆಲ್ಲಿ?

ರಕ್ತ ಬದಲಾಯಿಸುವುದು: ದೀಪಕ್ಕೂ ಬಗ್ಗದೆ ಹಳದಿ ಏರಿದರೆ ರಕ್ತ ಬದಲಾಯಿಸುತ್ತಾರೆ. ಹೊಕ್ಕಳಿನ ನಾಳದಿಂದ ಸ್ವಲ್ಪ ರಕ್ತ ತೆಗೆಯುವುದು, ಅಷ್ಟೇ ಹೊಸ ರಕ್ತ ಹಾಕುವುದು. ಹೀಗೆ ಸ್ವಲ್ಪ ಸ್ವಲ್ಪವಾಗಿ ಮಾಡುತ್ತಾರೆ. ಮೂರು ಕಿಲೋ ತೂಕದ ಕೂಸಿನ ಮೈಯಲ್ಲಿ ಇರುವ ರಕ್ತ ಸುಮಾರು ಒಂದು ದೊಡ್ಡ ಲೋಟದಷ್ಟು. ಅದರ ಎರಡರಷ್ಟು ರಕ್ತ ಬದಲಾಯಿಸುತ್ತಾರೆ. ಇದರಿಂದ ಹಳದಿಯೂ ಹೋಗುತ್ತದೆ, ತಾಯಿಯಿಂದ ಬಂದ ಆಯುಧವೂ ಹೋಗುತ್ತದೆ. ಕೂಸು ಪಾಸಿಟಿವ್ ಆದರೂ ನೆಗೆಟಿವ್ ರಕ್ತವನ್ನೇ ಕೊಡುತ್ತಾರೆ. ಯಾಕೆಂದರೆ ಅದರಲ್ಲಿ ಆ ಗುರುತು ಇಲ್ಲ. ಆದ್ದರಿಂದ ಅದು ಒಡೆಯುವುದಿಲ್ಲ. ಇದರಲ್ಲಿ ಸ್ವಲ್ಪ ಅಪಾಯವೂ ಇದೆ. ಆದ್ದರಿಂದ ಬೇಕೇ ಬೇಕಾದಾಗ ಮಾತ್ರ ಮಾಡುತ್ತಾರೆ. ಡಾಕ್ಟರು ಬೇಕು ಅಂದಾಗ "ಊರಿಗೆ ಹೋಗಿ ಹಿರಿಯರನ್ನು ಕೇಳಿ ಬರ್ತೀವಿ" ಅಂತ ತಡ ಮಾಡಬೇಡಿ.

ಇಂಜೆಕ್ಷನ್ ಮತ್ತು ರಕ್ತ: ಕಣ ಒಡೆಯುವುದನ್ನು ತಗ್ಗಿಸಲು ಕೆಲವು ಕೂಸುಗಳಿಗೆ ಇಮ್ಯುನೋಗ್ಲಾಬ್ಯುಲಿನ್ ಎಂಬ ಔಷಧಿಯನ್ನು ನಾಳದ ಮೂಲಕ ಕೊಡುತ್ತಾರೆ. ರಕ್ತ ಕಡಿಮೆ ಇದ್ದರೆ ರಕ್ತ ಕೊಡುತ್ತಾರೆ.

ಮುಂದೆ ಕೂಸು ಹೇಗಿರುತ್ತೆ?

ಇದು ಎಲ್ಲಾ ತಾಯಂದಿರ ಪ್ರಶ್ನೆ. ಉತ್ತರ ಒಳ್ಳೆಯದೇ ಇದೆ. ಚಿಕಿತ್ಸೆ ಗೊತ್ತಿಲ್ಲದ ಕಾಲದಲ್ಲಿ ಈ ರೋಗದ ಕೂಸುಗಳಲ್ಲಿ ಸುಮಾರು ಅರ್ಧ ಉಳಿಯುತ್ತಿರಲಿಲ್ಲ. ಈಗ ವೇಳೆಗೆ ಸರಿಯಾಗಿ ಚಿಕಿತ್ಸೆ ಸಿಕ್ಕಿದರೆ ಹೆಚ್ಚಿನ ಕೂಸುಗಳು ಪೂರ್ತಿ ಗುಣವಾಗುತ್ತವೆ. ಎಲ್ಲರ ಹಾಗೆ ಓಡುತ್ತವೆ, ಓದುತ್ತವೆ.

ತಾಯಿಯಿಂದ ಬಂದ ಆಯುಧ ಕೂಸಿನ ಮೈಯಲ್ಲಿ ಕೆಲವು ವಾರ ಇರುತ್ತದೆ. ಮೆಲ್ಲಗೆ ಕರಗಿ ಹೋಗುತ್ತದೆ. ಅಲ್ಲಿಯವರೆಗೆ ಕಣ ಒಡೆಯುವುದು ಸ್ವಲ್ಪ ಸ್ವಲ್ಪ ನಡೆದೇ ಇರುತ್ತದೆ. ಹಳದಿ ಹೋಗಿ ಮನೆಗೆ ಬಂದ ಕೂಸು ಮತ್ತೆ ಬಿಳಿಚಿಕೊಳ್ಳಬಹುದು. ಹಾಲು ಕುಡಿಯುವಾಗ ಸುಸ್ತಾಗಬಹುದು. ಆದ್ದರಿಂದ ಎರಡು ಮೂರು ತಿಂಗಳವರೆಗೆ ಡಾಕ್ಟರು ಹೇಳಿದ ದಿನ ರಕ್ತ ಪರೀಕ್ಷೆಗೆ ಹೋಗಲೇಬೇಕು. ಕಿವಿಯ ಪರೀಕ್ಷೆಯನ್ನೂ ಮಾಡಿಸಿ.

ಎದೆಹಾಲು ಕೊಡಬಹುದೇ? ಧಾರಾಳವಾಗಿ ಕೊಡಿ. "ತಾಯಿಯ ರಕ್ತ ಆಗದಿದ್ದರೆ ಹಾಲೂ ಆಗದು" ಅನ್ನುವ ಮಾತು ಸುಳ್ಳು.

ಹೆಣ್ಣು ಕೂಸಾದರೆ, "ಇವಳಿಗೂ ಮುಂದೆ ಹೀಗೇ ಆಗುತ್ತೇನೋ" ಅಂತ ಚಿಂತೆ ಬೇಡ. ಈ ಆರ್‌ಎಚ್ ರೋಗ ಬಂದ ಕೂಸು ಪಾಸಿಟಿವ್. ಆದ್ದರಿಂದ ಅವಳು ದೊಡ್ಡವಳಾಗಿ ಬಸುರಿ ಆದಾಗ ಅವಳಿಗೆ ಈ ತೊಂದರೆ ಬರುವುದಿಲ್ಲ.

ತಾಯಿಗೆ ಮಾತ್ರ ಮುಂದಿನ ಬಸಿರಿನಲ್ಲಿ ಹೆಚ್ಚಿನ ಎಚ್ಚರ ಬೇಕು. ಬಸಿರು ನಿಂತ ಕೂಡಲೇ ದೊಡ್ಡ ಆಸ್ಪತ್ರೆಗೆ ಹೋಗಿ ಹಿಂದಿನ ಚೀಟಿಗಳನ್ನು ತೋರಿಸಬೇಕು. ಚೀಟಿ ಎಸೆಯಬೇಡಿ. ಮತ್ತೆ ಮಗು ಬೇಕೇ, ಬೇಡವೇ ಅಂತ ಗಂಡ ಹೆಂಡತಿ ಇಬ್ಬರೂ ಕೂತು ಮಾತಾಡಿ ತೀರ್ಮಾನಿಸಿ.

ಇವನ್ನು ಮಾಡಬೇಡಿ

ಕೂಸಿಗೆ ಬರೆ ಹಾಕಿಸಬೇಡಿ. ಬರೆಯಿಂದ ಕಾಮಾಲೆ ಹೋಗುವುದಿಲ್ಲ. ಕೂಸಿಗೆ ಗಾಯ, ಕೀವು, ಜ್ವರ ಆಗುತ್ತದೆ.

ಸೊಪ್ಪಿನ ರಸ, ಸಕ್ಕರೆ ನೀರು, ಜೇನುತುಪ್ಪ ಕುಡಿಸಬೇಡಿ. ಕಣ್ಣಿಗೆ ಮೂಗಿಗೆ ಔಷಧಿ ಹಿಂಡಬೇಡಿ.

ತಾಯತ ಕಟ್ಟಿಸಿ, ಮಂತ್ರ ಹಾಕಿಸಿ ದಿನ ಕಳೆಯಬೇಡಿ. ದೇವರಿಗೆ ಹರಕೆ ಹೊತ್ತುಕೊಳ್ಳಿ, ಬೇಡ ಅನ್ನುವುದಿಲ್ಲ. ಆದರೆ ಆಸ್ಪತ್ರೆಯ ದಾರಿಯಲ್ಲೇ ಹೊತ್ತುಕೊಳ್ಳಿ.

ಸೊಸೆಯನ್ನು ಬೈಯಬೇಡಿ. ಹೆಂಡತಿ ನೆಗೆಟಿವ್ ಆದದ್ದು ಅವಳ ತಪ್ಪಲ್ಲ. ಗಂಡ ಪಾಸಿಟಿವ್ ಆದದ್ದು ಅವನ ತಪ್ಪೂ ಅಲ್ಲ.

ಯಾವಾಗ ಓಡಬೇಕು? ಎಲ್ಲಿಗೆ?

ಮೊದಲ ದಿನವೇ ಹಳದಿ ಕಂಡರೆ, ಅಂಗೈ ಅಂಗಾಲು ಹಳದಿ ಆದರೆ, ಕೂಸು ಮೊಲೆ ಚೀಪದಿದ್ದರೆ, ಎಬ್ಬಿಸಿದರೂ ಏಳದಿದ್ದರೆ, ಕೀರಲು ದನಿಯಲ್ಲಿ ಅತ್ತರೆ, ಬಿಲ್ಲಿನ ಹಾಗೆ ಬೆನ್ನು ಹಿಂದಕ್ಕೆ ಬಗ್ಗಿಸಿದರೆ, ಮೈ ಬಿಳಿಚಿಕೊಂಡು ಏದುಸಿರು ಬಿಟ್ಟರೆ ಕೂಡಲೇ ಹೊರಡಿ.

108ಕ್ಕೆ ಫೋನ್ ಮಾಡಿ. ಆಶಾ ಕಾರ್ಯಕರ್ತೆಗೆ ಹೇಳಿ. ಜಿಲ್ಲಾ ಆಸ್ಪತ್ರೆಗಳಲ್ಲಿ ಹಸುಗೂಸುಗಳಿಗೆ ಎಂದೇ ವಿಶೇಷ ಘಟಕ ಇದೆ. ಅಲ್ಲಿ ನೀಲಿ ದೀಪ ಇರುತ್ತದೆ. 2011ರಲ್ಲಿ ಶುರುವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದ ಪ್ರಕಾರ ಸರಕಾರಿ ಆಸ್ಪತ್ರೆಯಲ್ಲಿ ಬಸುರಿ, ಬಾಣಂತಿ ಮತ್ತು ಕಾಯಿಲೆ ಬಿದ್ದ ಹಸುಗೂಸಿಗೆ ಔಷಧಿ, ಪರೀಕ್ಷೆ, ರಕ್ತ, ವಾಹನ ಎಲ್ಲಾ ಉಚಿತ. ಯಾರಾದರೂ ದುಡ್ಡು ಕೇಳಿದರೆ ಈ ಹೆಸರು ಹೇಳಿ ಪ್ರಶ್ನೆ ಮಾಡಿ.

ನೆಗೆಟಿವ್ ಆದ ಬಸುರಿ ತನ್ನ ಗುಂಪಿನ ರಕ್ತ ಕೊಡುವವರ ಹೆಸರು, ಫೋನ್ ನಂಬರು ಮುಂಚೆಯೇ ಬರೆದಿಟ್ಟುಕೊಳ್ಳಬೇಕು. ಈ ರಕ್ತ ಸಿಗುವುದು ಕಷ್ಟ. ತಾಯಿಯ ಅಣ್ಣ ತಮ್ಮ, ಅಕ್ಕ ತಂಗಿಯರಲ್ಲಿ ನೆಗೆಟಿವ್ ಇರುವ ಸಾಧ್ಯತೆ ಹೆಚ್ಚು. ಅವರೂ ಪರೀಕ್ಷೆ ಮಾಡಿಸಲಿ.

ಓದಿ, ಉತ್ತರ ಹೇಳಿ

1. ನಿಮ್ಮ ರಕ್ತದ ಗುಂಪು ಯಾವುದು? ಇಲ್ಲಿ ಬರೆಯಿರಿ: ..................

2. ಕಳೆಯುವ ಗುರುತು (−) ಇದ್ದರೆ ಏನೆಂದು ಓದಬೇಕು?

3. ಹೆರಿಗೆ ಆದ ಮೇಲೆ ಆಂಟಿ-ಡಿ ಇಂಜೆಕ್ಷನ್ ಎಷ್ಟು ಗಂಟೆಯೊಳಗೆ ಹಾಕಿಸಬೇಕು?

4. ಕೂಸಿಗೆ ಯಾವ ದಿನ ಹಳದಿ ಕಂಡರೆ ಅಪಾಯ?

5. ನಿಮ್ಮ ಬೀದಿಯಲ್ಲಿ ಬಸುರಿಯರು ಯಾರಿದ್ದಾರೆ? ಅವರ ಮನೆಗೆ ಹೋಗಿ. ಕಾರ್ಡು ತೆಗೆಸಿ, ಆ ಗುರುತನ್ನು ನೀವೇ ಓದಿ ಹೇಳಿ.